ಮೂರು ಪ್ರತಿ, ಒಂದು ಕಂಚುಗಾರ

ಫೆಬ್ರವರಿ ಕೊನೆ, ಬೆಳಿಗ್ಗೆ ಏಳೂವರೆ. ಮುಂಬೈಯ ಮಾಟುಂಗಾದ ಫೈವ್ ಗಾರ್ಡನ್ಸ್‌. ಅರಳಿಮರದ ಒಣತುದಿಯಲ್ಲಿ ಕಂಚುಗಾರ ಹಕ್ಕಿ ಕುಳಿತು ಟುಕ್ ಟುಕ್ ಎಂದು ಪಾತ್ರೆ ಬಡಿಯುತ್ತಿದೆ. ನನ್ನ ತೊಡೆಯ ಮೇಲೆ ಒಂದೇ ಪುಸ್ತಕದ ಮೂರು ಪ್ರತಿ: ಸಾಲಿಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’. ವಾಕಿಂಗಿಗೆ ಬಂದವರು ನನ್ನನ್ನು ರದ್ದಿ ವ್ಯಾಪಾರಿ ಎಂದುಕೊಂಡಿರಬೇಕು.

ಪುಸ್ತಕ ಇದೇ ಊರಿನದು. 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1941ರಲ್ಲಿ ಹೊರತಂದಿತು. ಅಲಿಯವರು ತೀರಿಕೊಂಡದ್ದು 1987ರಲ್ಲಿ. ಅವರ ಜನ್ಮಶತಾಬ್ದಿಯ 1996ರಲ್ಲಿ 12ನೆಯ ಆವೃತ್ತಿ ಬಂತು, 2002ರಲ್ಲಿ 13ನೆಯದು. ನನ್ನವು ಬೇರೆ ಬೇರೆ ಕಾಲದವು. ಒಂದು ಅಪ್ಪನದು, ಒಂದು ಫೋರ್ಟ್‌ನ ಫುಟ್‌ಪಾತಿನದು, ಒಂದು ಮಾತ್ರ ಹೊಸದಾಗಿ ಕೊಂಡದ್ದು.

ಕಂಚುಗಾರನ ಹಣೆ, ಎದೆ ಕಡುಕೆಂಪು, ಗಂಟಲೂ ಕಣ್ಣಿನ ಸುತ್ತಲೂ ಹಳದಿ, ಬೆನ್ನು ಎಲೆಹಸಿರು. ಫುಟ್‌ಪಾತಿನ ಪ್ರತಿಯಲ್ಲಿ ಕೆಂಪು ಅಚ್ಚು ಕೂದಲೆಳೆಯಷ್ಟು ಜಾರಿದೆ. ಹಣೆಯ ಬಣ್ಣ ಕೊಕ್ಕಿಗೆ ಸೋರಿ, ಹಕ್ಕಿ ಈಗಷ್ಟೇ ಅತ್ತಿಹಣ್ಣು ತಿಂದು ಬಾಯಿ ಒರೆಸಿಕೊಳ್ಳದೆ ಬಂದಂತಿದೆ. ಭೂತಗನ್ನಡಿ ಹಿಡಿದರೆ ನೀಲಿ, ಹಳದಿ, ಕೆಂಪು, ಕಪ್ಪು ಚುಕ್ಕಿಗಳ ಜಾತ್ರೆ. ಹಸಿರು ಎಂಬ ಶಾಯಿಯೇ ಅಲ್ಲಿಲ್ಲ. ಹೊಸ ಪ್ರತಿಯಲ್ಲಿ ಎಲ್ಲ ಗೆರೆಯೂ ನೇರ, ಆದರೆ ಹಸಿರಿಗೆ ನೀಲಿ ಹೆಚ್ಚಾಗಿದೆ. ಮರದ ಮೇಲಿನ ಹಕ್ಕಿಗೆ ತೀರ ಹತ್ತಿರ ಬಂದದ್ದು ಅಪ್ಪನ ಪ್ರತಿ! ಕಾರಣ ಅಚ್ಚಲ್ಲ, ವಯಸ್ಸು. ಕಾಗದ ಹಳದಿಗಟ್ಟಿ, ನೀಲಿ ಹೆಚ್ಚಾದ ಹಸಿರನ್ನು ಎಲೆಯ ಕಡೆಗೆ ಎಳೆದು ತಂದಿದೆ.

ಹಾಗೆಂದು ಬೀಗುವಂತಿಲ್ಲ. ಗದ್ದೆ ಮಿಂಚುಳ್ಳಿಯ ಪುಟಕ್ಕೆ ಬಂದರೆ, ಅದೇ ಮುಪ್ಪು ಅದರ ಬೆಳ್ಳನೆಯ ಎದೆಯನ್ನು ಚಹಾ ಚೆಲ್ಲಿದ ಅಂಗಿ ಮಾಡಿಟ್ಟಿದೆ. ಪಕ್ಕದ ಎರಡು ಪುಟ ಒಂದಕ್ಕೊಂದು ಅಂಟಿವೆ. ಹೊಳಪು ಕಾಗದದ ಮೇಲ್ಲೇಪ ಮುಂಬೈಯ ಜುಲೈ ತೇವಕ್ಕೆ ಅಂಟಾಗುತ್ತದೆ. ಬಿಡಿಸಹೋದರೆ ಹಕ್ಕಿಯ ತಲೆ ಎದುರು ಪುಟಕ್ಕೆ ಹೋಗುತ್ತದೆ. ಒಮ್ಮೆ ಹೋಯಿತು ಕೂಡ.

ಮಿಂಚುಳ್ಳಿಯನ್ನು ನೋಡಲು ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಕಡೆ ಹೋದೆ, ಒಂದಲ್ಲ, ನಾಲ್ಕು ಭಾನುವಾರ. ಕಾಂಡ್ಲಾದ ಕೊಂಬೆಯ ನೆರಳಲ್ಲಿ ಕುಳಿತಾಗ ಬೆನ್ನು ಮಂಕು. ಹಾರಿದ ಕ್ಷಣ ಬಿಸಿಲಿಗೆ ನೀಲಿ ಹೊತ್ತಿಕೊಂಡಿತು. ಅದರ ತಲೆಯ ಕಂದು ನಿಜವಾದ ಬಣ್ಣದ್ರವ್ಯ. ಬೆನ್ನಿನ ನೀಲಿ ಹಾಗಲ್ಲ. ಗರಿಯೊಳಗಿನ ಸೂಕ್ಷ್ಮ ರಂಧ್ರರಚನೆ ಬೆಳಕನ್ನು ಚದುರಿಸಿ ನೀಲಿ ಕಾಣಿಸುತ್ತದೆ. ಉದುರಿದ ಗರಿಯನ್ನು ಅರೆದರೆ ನೀಲಿಯೇ ಇಲ್ಲ. ಮೂರು ಪ್ರತಿಯಲ್ಲೂ ಕಂದು ಸರಿಯಾಗಿದೆ, ಮೂರರಲ್ಲೂ ನೀಲಿ ಸೋತಿದೆ. ಅದಕ್ಕೆ ಮುದ್ರಕನನ್ನು ಬೈಯಲಾರೆ.

ಹಳೆಯ ಪ್ರತಿ ಕೊಳ್ಳುವವರು ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ. ಹೊರಗೆ ನೆರಳಿಗೆ ತಂದು, ಮೊದಲು ಬಿಳಿ ಹಕ್ಕಿಯ ಪುಟ ತೆರೆಯಿರಿ.