ತವರಿಗೆ ಬರುವ ದೊಡ್ಡ ಮೀನು

ಗುಜರಾತಿನ ಸೌರಾಷ್ಟ್ರ ಕರಾವಳಿಯ ಮೀನುಗಾರರು ತಿಮಿಂಗಿಲ ಶಾರ್ಕನ್ನು ಒಂದು ಕಾಲಕ್ಕೆ ‘ಬ್ಯಾರಲ್’ ಎಂದೇ ಕರೆಯುತ್ತಿದ್ದರು. ದೊಡ್ಡ ಕೊಕ್ಕೆಗೆ ಹಗ್ಗ, ಹಗ್ಗದ ತುದಿಗೆ ಪೀಪಾಯಿ. ಕೊಕ್ಕೆ ಚುಚ್ಚಿಸಿಕೊಂಡ ಮೀನು ತೇಲುವ ಪೀಪಾಯಿಯನ್ನು ಎಳೆದೂ ಎಳೆದೂ ದಣಿದ ಮೇಲೆ ಅದನ್ನು ದಡಕ್ಕೆ ತರುತ್ತಿದ್ದರು. ಯಕೃತ್ತಿನ ಎಣ್ಣೆ ಮರದ ದೋಣಿಗಳಿಗೆ ಬಳಿಯಲು; ಮಾಂಸ ವಿದೇಶಕ್ಕೆ.

ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ಮೀನೇ. ಜಗತ್ತಿನ ಅತಿ ದೊಡ್ಡ ಮೀನು. 10 ಮೀಟರಿಗೂ ಮೀರಿ ಬೆಳೆಯುವ ಈ ದೈತ್ಯನ ಊಟ ಮಾತ್ರ ಸೂಕ್ಷ್ಮ ಪ್ಲವಕ ಮತ್ತು ಸಣ್ಣಪುಟ್ಟ ಮೀನು. ಮನುಷ್ಯರ ತಂಟೆಗೆ ಬರುವುದಿಲ್ಲ.

ಈ ಬೇಟೆಯನ್ನು ಹೊರಜಗತ್ತಿಗೆ ತೋರಿಸಿದ್ದು ಮೈಕ್ ಪಾಂಡೆ ಅವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ. 2001ರಲ್ಲಿ ಕೇಂದ್ರ ಸರ್ಕಾರ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯೇ ಮೀನಿಗೂ ಸಿಕ್ಕಿತು. ಕಾನೂನೇನೋ ಬಂತು, ಆದರೆ ನಡುಗಡಲಿನಲ್ಲಿ ಅದನ್ನು ಜಾರಿ ಮಾಡುವವರು ಯಾರು?

2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಅರಣ್ಯ ಇಲಾಖೆಯೊಂದಿಗೆ ಕೂಡಿ ಅಭಿಯಾನ ಆರಂಭಿಸಿದಾಗ, ಜೀವವಿಜ್ಞಾನಿಗಳ ಜೊತೆಗೆ ಬಂದವರು ರಾಮಕಥೆಯ ಮುರಾರಿ ಬಾಪು. ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳು, ಬಂದವಳನ್ನು ಕೊಲ್ಲುವುದುಂಟೇ ಎಂದು ಅವರು ಕೇಳಿದರು. ‘ಬ್ಯಾರಲ್’ ಹೋಗಿ ‘ವ್ಹಾಲಿ’ ಎಂಬ ಹೆಸರು ಬಂತು. ಗುಜರಾತಿಯಲ್ಲಿ ಪ್ರೀತಿಪಾತ್ರಳು ಎಂದರ್ಥ. ಗಾಳಿ ತುಂಬಿದ ಭಾರೀ ಮೀನಿನ ಪ್ರತಿಕೃತಿಯನ್ನು ಊರೂರಿಗೆ ಒಯ್ದು ಬೀದಿನಾಟಕಗಳನ್ನು ಆಡಿದರು. ಬಾಣಂತನಕ್ಕೆ ಬಂದ ಮಗಳ ಮಾತು ಯಾವ ಮನೆಗೆ ತಿಳಿಯದು!

ಕತೆ ವಿಜ್ಞಾನಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು ಎನ್ನಲೇಬೇಕು. ತಿಮಿಂಗಿಲ ಶಾರ್ಕ್ ಮೊಟ್ಟೆಯಿಡದೆ ಮರಿ ಹಾಕುತ್ತದೆ ಎಂಬುದು ಖಚಿತವಾದದ್ದೇ 1995ರಲ್ಲಿ, ತೈವಾನಿನಲ್ಲಿ ಸಿಕ್ಕ ಮೀನೊಂದರ ಹೊಟ್ಟೆಯಲ್ಲಿ ಸುಮಾರು 300 ಮರಿಗಳು ಕಂಡ ಮೇಲೆ. ಅದು ಎಲ್ಲಿ ಮರಿ ಹಾಕುತ್ತದೆಂಬುದು ಇಂದಿಗೂ ಪೂರ್ತಿ ಬಿಡಿಸದ ಒಗಟು. ಆದರೂ ವಿಜ್ಞಾನಿಗಳು ಆ ಹೋಲಿಕೆಯನ್ನು ತಳ್ಳಿಹಾಕಲಿಲ್ಲ. ಅವರ ಅಂಕಿ ಅಂಶಗಳನ್ನು ನಂಬಿ ಬಲೆ ಕತ್ತರಿಸುವವರು ಎಷ್ಟು ಮಂದಿ ಇದ್ದಾರು?

ಬಲೆ ಕತ್ತರಿಸುವುದೆಂದರೆ ಸಣ್ಣ ಮಾತಲ್ಲ. ಆಕಸ್ಮಿಕವಾಗಿ ಸಿಕ್ಕ ಮೀನನ್ನು ಬಿಡಿಸಲು ಬಲೆಯನ್ನೇ ಕೊಯ್ಯಬೇಕು. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅಧಿಕಾರಿಗಳು ಬರುವವರೆಗೆ ಮೀನು ಸಾಯಬಾರದೆಂದು ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಬಿಡುಗಡೆಯ ಚಿತ್ರವೇ ಪುರಾವೆ. ಹೀಗೆ ನೂರಾರು ಮೀನುಗಳು ಕಡಲಿಗೆ ಮರಳಿವೆ. 2011ರಿಂದ ಕೆಲವಕ್ಕೆ ಉಪಗ್ರಹ ಪಟ್ಟಿ ಕಟ್ಟಿ ಅವು ಹೋಗುವ ದಾರಿಯನ್ನೂ ಗುರುತಿಸಿದ್ದಾರೆ. ಪರಿಹಾರದಿಂದ ಬಲೆಯ ಖರ್ಚು ಬರಬಹುದು. ಹೊಸ ಬಲೆ ಸಿದ್ಧವಾಗುವವರೆಗಿನ ದುಡಿಮೆ ಮಾತ್ರ ಮೀನುಗಾರನ ಲೆಕ್ಕಕ್ಕೇ.