ಹೆಗಲ ಬುಡದಲ್ಲಿ ಮುರಿದ ತೋಳು

ತೋಳಿನ ಮೂಳೆಯ ಮೇಲ್ತುದಿ ಗುಂಡಗಿದ್ದು ಹೆಗಲ ಕೀಲಿನಲ್ಲಿ ಕೂತಿರುತ್ತದೆ. ಅದರ ಪಕ್ಕದ ಎರಡು ಉಬ್ಬುಗಳಿಗೆ ಕೈ ಎತ್ತುವ, ತಿರುಗಿಸುವ ಸ್ನಾಯುಗಳು ಅಂಟಿಕೊಂಡಿವೆ. ಗುಂಡು, ಎರಡು ಉಬ್ಬು, ಕೆಳಗಿನ ದಂಡ ಎಂಬ ನಾಲ್ಕು ಭಾಗಗಳಲ್ಲಿ ಮುರಿತವನ್ನು ಗುರುತಿಸುವ ಲೆಕ್ಕವನ್ನು ಅಮೆರಿಕದ ಚಾರ್ಲ್ಸ್ ನೀರ್ 1970ರಲ್ಲಿ ಕೊಟ್ಟರು. ಮುರಿದ ತುಂಡು 1 ಸೆಂ.ಮೀ.ಗಿಂತ ಹೆಚ್ಚು ಸರಿದಿದ್ದರೆ, ಇಲ್ಲವೇ 45 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಮಾತ್ರ ಅದು ಬೇರೆ ಭಾಗ.

ರಾಮನಗರ, ಚನ್ನಪಟ್ಟಣದ ರಸ್ತೆಗಳಲ್ಲಿ ಬೈಕಿನಿಂದ ಬಿದ್ದ ಹುಡುಗನಿಗೂ ಬಚ್ಚಲಲ್ಲಿ ಜಾರಿದ ಅಜ್ಜಿಗೂ ಆಗುವುದು ಇದೇ ಮುರಿತ. ಆದರೆ ಅಜ್ಜಿಯ ಮೂಳೆ ಒಳಗೆ ಟೊಳ್ಳಾಗಿರುತ್ತದೆ. ತುಂಡುಗಳು ಅಷ್ಟಾಗಿ ಸರಿದಿರದಿದ್ದರೆ ಆಪರೇಷನ್ ಬೇಡ. ಕೈಯನ್ನು ಕೊರಳಿಗೆ ಜೋಳಿಗೆ ಕಟ್ಟಿ, ಎರಡು ಮೂರು ವಾರದಲ್ಲಿ ಮೆಲ್ಲಗೆ ಆಡಿಸಲು ತೊಡಗಿದರೆ ಸಾಕು. ಹೆಚ್ಚಿನ ಮುರಿತಗಳು ಈ ಬಗೆಯವೇ. ಸರಿದ ಮುರಿತಗಳಲ್ಲೂ ಆಪರೇಷನ್ನಿನಿಂದ ಹೆಚ್ಚಿನ ಲಾಭ ಎರಡು ವರ್ಷದ ನಂತರ ಕಾಣಲಿಲ್ಲವೆಂದು 250 ಜನರ ಮೇಲೆ ನಡೆದ ಬ್ರಿಟನ್ನಿನ ಅಧ್ಯಯನವೊಂದು 2015ರಲ್ಲಿ ತಿಳಿಸಿತು. ಹಾಗೆಂದು ಎಲ್ಲರಿಗೂ ಅದನ್ನೇ ಅನ್ವಯಿಸುವುದು ತಪ್ಪು. ಕನಕಪುರ, ಮಾಗಡಿಯ ರೇಷ್ಮೆ ಹುಳುಮನೆಗಳಲ್ಲಿ ಮೇಲಿನ ಅಂತಸ್ತಿನ ಹುಳುಗಳಿಗೆ ಸೊಪ್ಪು ಹಾಕುವ ಹೆಂಗಸಿಗೆ ಕೈ ತಲೆಯ ಮಟ್ಟಕ್ಕೆ ಏರಲೇಬೇಕು.

ಆಪರೇಷನ್ ಎಂದರೆ ಸಾಮಾನ್ಯವಾಗಿ ಲಾಕಿಂಗ್ ಪ್ಲೇಟ್. ಇದರಲ್ಲಿ ಸ್ಕ್ರೂಗಳ ತಲೆ ಪ್ಲೇಟಿಗೇ ಬಿಗಿದುಕೊಳ್ಳುವುದರಿಂದ ಮೆತ್ತನೆಯ ಮೂಳೆಯಲ್ಲೂ ಹಿಡಿತ ಸಿಗುತ್ತದೆ. ಆ ಗಟ್ಟಿತನವೇ ಕೆಲವೊಮ್ಮೆ ಕಷ್ಟ ತರುತ್ತದೆ: ಮೂಳೆ ಕುಸಿದರೂ ಸ್ಕ್ರೂ ಕದಲದೆ, ಗುಂಡನ್ನು ತೂತುಮಾಡಿ ಹೊರಬಂದು ಎದುರಿನ ಕುಳಿಯನ್ನು ಉಜ್ಜುತ್ತದೆ.

ಅದಕ್ಕಿಂತ ದೊಡ್ಡ ಆತಂಕ ರಕ್ತದ್ದು. ಮೂಳೆಯ ಕೊರಳನ್ನು ಬಳಸಿ ಬರುವ ಸಣ್ಣ ರಕ್ತನಾಳಗಳು ಹರಿದರೆ ಗುಂಡು ಸಾಯುತ್ತದೆ. ಮುರಿತ ಕೂಡಿಕೊಂಡ ಮೇಲೂ, ಒಂದೆರಡು ವರ್ಷ ಕಳೆದು ಗುಂಡು ಕುಸಿಯುವುದುಂಟು. ಅಲ್ಲೇ ಸುತ್ತಿ ಹೋಗುವ ಆಕ್ಸಿಲರಿ ನರಕ್ಕೆ ಪೆಟ್ಟಾದರೆ ಹೆಗಲ ದಪ್ಪ ಸ್ನಾಯು ಸೋಲುತ್ತದೆ. ಹಾಗಾಗಿ ವೈದ್ಯರು ಆಪರೇಷನ್ನಿಗೆ ಮೊದಲೇ ತೋಳಿನ ಮೇಲ್ಭಾಗದ ಹೊರಬದಿಯನ್ನು ಹತ್ತಿಯಿಂದ ಸವರಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಸೋಂಕು, ಮೂಳೆ ಕೂಡದಿರುವುದು, ಕೀಲು ಬಿಗಿಯುವುದು ಉಳಿದ ತೊಡಕುಗಳು.

ಜೋಡಿಸಲಾಗದಷ್ಟು ಪುಡಿಯಾದ ವಯಸ್ಸಾದವರ ಮೂಳೆಗೆ ತಿರುಗುಮುರುಗು ಕೃತಕ ಕೀಲು ಹಾಕುತ್ತಾರೆ. ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ಬಳಕೆಗೆ ತಂದ ಈ ವಿನ್ಯಾಸದಲ್ಲಿ ಗುಂಡು ಹೆಗಲೆಲುಬಿನ ಕಡೆಗೂ ಬಟ್ಟಲು ತೋಳಿನ ಕಡೆಗೂ ಇರುತ್ತದೆ. ಉಬ್ಬಿನ ಸ್ನಾಯುಗಳು ಹೋಗಿದ್ದರೂ ಹೆಗಲ ಸ್ನಾಯುವೊಂದೇ ಕೈ ಎತ್ತುತ್ತದೆ.

ರಾಮನಗರದ ಸೀಮೆಯಲ್ಲಿ ನಾಟಿ ಕಟ್ಟಿನ ಮೇಲೆ ನಂಬಿಕೆ ಹಳೆಯದು. ಹಸಿ ಮುರಿತವನ್ನು ತಿಕ್ಕಿ ಬಿಗಿದರೆ ಕೂಡಿದ್ದ ತುಂಡೂ ಸರಿಯಬಹುದು. ಮೂರು ವಾರ ಕಳೆದರೆ ಸರಿದ ತುಂಡುಗಳ ನಡುವೆ ಹೊಸ ಮೂಳೆ ಕಟ್ಟತೊಡಗಿ, ಅವನ್ನು ಬಿಡಿಸಿ ಕೂರಿಸುವುದು ಬಹಳ ಕಷ್ಟವಾಗುತ್ತದೆ.