ಹಳೆಯ ಕಟ್ಟಡ, ಹೊಸ ಬಾಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾಗಿವೆ. ಇಲ್ಲಿನ ಹಳೆಯ ಮನೆಗಳಲ್ಲಿ ಅಟ್ಟವು ಮುಖ್ಯವಾದ ಭಾಗ. ಬಲಿತ ಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ರಾಶಿ ಹಾಕುತ್ತಾರೆ. 8ರಿಂದ 12 ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಇದಕ್ಕೆ ಗಾಳಿ ಬೇಕು, ನೆರಳು ಬೇಕು, ಭಾರವನ್ನು ತಾಳುವ ತೊಲೆ ಬೇಕು. ಅಟ್ಟವನ್ನು ಕಟ್ಟಿದ ಬಡಗಿ ಇವೆಲ್ಲವನ್ನೂ ಬಲ್ಲವನಾಗಿದ್ದನು.

ಕಾಲ ಬದಲಾದಂತೆ ಮನೆಗಳು ಪಾಲಾಗುವುದೂ ಅಟ್ಟಗಳು ಬರಿದಾಗುವುದೂ ಉಂಟು. ಆಗ ಹಳೆಯ ಮನೆಯನ್ನು ಕೆಡವಬೇಕೆ, ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಎದುರಿಸಿದ ದೇಶಗಳಲ್ಲಿ ಯೂರೋಪಿನ ಡೆನ್ಮಾರ್ಕ್ ಒಂದು.

ಅಲ್ಲಿನ ರಾಜಧಾನಿ ಕೋಪನ್‌ಹೇಗನ್ನಿನ ಬಂದರಿನಲ್ಲಿ 18ನೆಯ ಶತಮಾನದ ಉಗ್ರಾಣವೊಂದಿದೆ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಮೊದಲಾದ ಕಡೆಗಳಿಂದ ಹಡಗಿನಲ್ಲಿ ಬಂದ ಒಣಮೀನು, ಚರ್ಮ, ತಿಮಿಂಗಿಲದ ಎಣ್ಣೆಗಳನ್ನು ಅದರಲ್ಲಿ ತುಂಬಿಡುತ್ತಿದ್ದರು. ಆ ವ್ಯಾಪಾರ ನಿಂತುಹೋದರೂ ಕಟ್ಟಡವನ್ನು ಕೆಡವಲಿಲ್ಲ. 2003ರಲ್ಲಿ ಅದು ಸಾಂಸ್ಕೃತಿಕ ಕೇಂದ್ರವಾಯಿತು. ಅದೇ ವರ್ಷ ಅಲ್ಲಿ 'ನೋಮಾ' ಎಂಬ ಭೋಜನಶಾಲೆ ತೆರೆಯಿತು. ಸರಕಿನ ಭಾರವನ್ನು ಹೊತ್ತಿದ್ದ ಮರದ ಕಂಬಗಳನ್ನೂ ತೊಲೆಗಳನ್ನೂ ಮರೆಮಾಡದೆ, ಅವುಗಳ ನಡುವೆಯೇ ಊಟದ ಮೇಜುಗಳನ್ನಿಟ್ಟರು. 2017ರವರೆಗೆ ನೋಮಾ ಅಲ್ಲಿಯೇ ನಡೆಯಿತು.

ಹಳೆಯದಕ್ಕೆ ಹೊಸದನ್ನು ಸೇರಿಸುವ ಕಲೆಯಲ್ಲಿ ಡೆನ್ಮಾರ್ಕಿನವರು ಜಪಾನಿನಿಂದಲೂ ಪಾಠ ಕಲಿತರು. ಜಪಾನಿನ ಸಾಂಪ್ರದಾಯಿಕ ಮನೆಯಲ್ಲಿ ಬಣ್ಣ ಬಳಿಯದ ಮರ, ಸರಿಸಬಹುದಾದ ಕಾಗದದ ತೆರೆ, ತೋಟಕ್ಕೆ ತೆರೆದುಕೊಂಡ ಜಗಲಿ ಇರುತ್ತವೆ. ಅಲ್ಲಿ ಬರಿದಾದ ಜಾಗವೂ ಚೆಲುವಿನ ಅಂಗವೇ. ಕೋಪನ್‌ಹೇಗನ್ನಿನ ಉತ್ತರಕ್ಕೆ, ಹುಮ್ಲೆಬೆಕ್ ಎಂಬ ಊರಿನ ಕಡಲತೀರದಲ್ಲಿ, 1855ರಲ್ಲಿ ಕಟ್ಟಿದ ಒಂದು ಬಂಗಲೆಯಿತ್ತು. ಅದನ್ನು ಕಟ್ಟಿಸಿದವನ ಮೂವರು ಹೆಂಡಿರ ಹೆಸರೂ ಲೂಯಿಸ್ ಎಂದಿದ್ದುದರಿಂದ ಅದಕ್ಕೆ 'ಲೂಸಿಯಾನ' ಎಂಬ ಹೆಸರು ಬಂದಿತು. ಕ್ನೂಡ್ ಯೆನ್ಸನ್ ಎಂಬುವರು 1958ರಲ್ಲಿ ಅಲ್ಲಿ ಕಲಾ ಸಂಗ್ರಹಾಲಯವನ್ನು ತೆರೆದರು. ಶಿಲ್ಪಿಗಳಾದ ಯೋರ್ಗನ್ ಬೊ ಮತ್ತು ವಿಲ್ಹೆಲ್ಮ್ ವೋಲರ್ಟ್ ಹಳೆಯ ಬಂಗಲೆಯನ್ನು ಹೆಬ್ಬಾಗಿಲಾಗಿ ಉಳಿಸಿಕೊಂಡು, ಅದರ ಬದಿಯಿಂದ ತಗ್ಗಾದ ಚಾವಣಿಯ ಹೊಸ ಶಾಲೆಗಳನ್ನು ಬೆಳೆಸಿದರು. ಅವುಗಳನ್ನು ಕೂಡಿಸುವ ಗಾಜಿನ ಓಣಿಗಳು ಹಳೆಯ ಮರಗಳ ನಡುವೆ ಸಾಗುತ್ತವೆ. ನಡೆಯುವವನಿಗೆ ಒಳಗೂ ಹೊರಗೂ ಒಂದೇ ಎಂಬಂತೆ ತೋರುತ್ತದೆ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಈ ಶಿಲ್ಪಿಗಳು ಜಪಾನಿನ ಬಾಗಿದ ಮಾಡನ್ನಾಗಲಿ ಕಾಗದದ ದೀಪವನ್ನಾಗಲಿ ನಕಲು ಮಾಡಲಿಲ್ಲ. ಮರವನ್ನು ಮರವಾಗಿಯೇ ಕಾಣಿಸುವುದು, ಬೆಳಕನ್ನು ಒಳಗೆ ಕರೆಯುವುದು, ತೋಟವನ್ನು ಮನೆಯ ಅಂಗವೆಂದು ಭಾವಿಸುವುದು ಎಂಬ ತತ್ತ್ವಗಳನ್ನು ಮಾತ್ರ ಸ್ವೀಕರಿಸಿ, ತಮ್ಮ ನಾಡಿನ ಇಟ್ಟಿಗೆಯಲ್ಲಿ ಅವಕ್ಕೆ ರೂಪ ಕೊಟ್ಟರು. ಆದುದರಿಂದಲೇ ಆ ಬೆರಕೆ ತೇಪೆಯಾಗದೆ ಹೊಂದಿಕೆಯಾಯಿತು.

ತೆಂಗಿನ ಸೀಮೆಯ ತೊಟ್ಟಿಮನೆಗೂ ಈ ತತ್ತ್ವಗಳು ಹೊಸವಲ್ಲ. ನಡುವಿನ ತೊಟ್ಟಿಯು ಬೆಳಕನ್ನೂ ಮಳೆಯನ್ನೂ ಮನೆಯೊಳಕ್ಕೆ ಕರೆತರುತ್ತದೆ. ಜಗಲಿಯು ಬೀದಿಯನ್ನೂ ಮನೆಯನ್ನೂ ಬೆಸೆಯುತ್ತದೆ. ಇಂಥ ಮನೆಯನ್ನು ದುರಸ್ತಿ ಮಾಡುವವರು ತೊಟ್ಟಿಯನ್ನು ಮುಚ್ಚುವ ಮೊದಲು, ತೊಲೆಯನ್ನು ಕೀಳುವ ಮೊದಲು, ಅದು ಅಲ್ಲಿ ಏಕಿದೆ ಎಂದು ಕೇಳಿಕೊಳ್ಳಬೇಕು. ಬರಿದಾದ ಅಟ್ಟ ಓದುವ ಕೋಣೆಯಾಗಬಹುದು. ಪಡಸಾಲೆ ಊರಿನ ಮಕ್ಕಳ ಗ್ರಂಥಾಲಯವಾಗಬಹುದು. ಹೊಸದನ್ನು ದೂರದ ನಾಡಿನಿಂದಲೂ ತರಬಹುದು. ಆದರೆ ಹಿಂದಿನವರ ತಿಳಿವಳಿಕೆಯನ್ನು ಒಮ್ಮೆ ಕೆಡವಿದರೆ ಅದನ್ನು ಮರಳಿ ಕಟ್ಟುವುದು ಸುಲಭವಲ್ಲ.